4.10 ಆಕ್ಸಲ್‌ನಿಂದ ಬಿಚ್ಚಿದ ಲಾಕರ್ ನನ್ನ 3.54 ಕ್ರೌನ್ ವೀಲ್‌ಗೆ ಕೂರುತ್ತಾ?

ಹಿಂದಿನಚಕ್ರ

ಎಲ್ರಿಗೂ ನಮಸ್ಕಾರ. ನಂದು ಹಳೇ ಪಿಕಪ್, ಫೋರ್ ವೀಲ್ ಡ್ರೈವ್, ಮುಂದೆ ಹಿಂದೆ ಎರಡೂ ಡಾನಾ 44 ಅನ್ನೋ ಮಾದರಿಯ ಆಕ್ಸಲ್, ರೇಶಿಯೋ 3.54, ಅಂದ್ರೆ ಚಕ್ರ ಒಂದು ಸುತ್ತು ತಿರುಗೋಕೆ ಪ್ರೊಪೆಲ್ಲರ್ ಶಾಫ್ಟ್ 3.54 ಸುತ್ತು ತಿರುಗುತ್ತೆ. ಹಿಂದೆ ಈಗಿರೋದು ಓಪನ್ ಡಿಫ್ (ಲಾಕ್ ಇಲ್ಲದ ಮಾಮೂಲಿ ಡಿಫರೆನ್ಷಿಯಲ್), ಒಂದು ಚಕ್ರ ಗಾಳೀಲಿ ಎದ್ರೆ ಅದೊಂದೇ ಗಿರಗಿರ ತಿರುಗ್ತಾ ಇರುತ್ತೆ, ಇನ್ನೊಂದು ಸುಮ್ನೆ ನಿಂತಿರುತ್ತೆ. ಈಗ ಒಬ್ರ ಹತ್ರ ಗಾಳಿಯಿಂದ ಲಾಕ್ ಆಗೋ ಏರ್ ಲಾಕರ್ (ಎರಡೂ ಚಕ್ರ ಒಟ್ಟಿಗೇ ತಿರುಗೋ ಹಾಗೆ ಕಟ್ಟಿಹಾಕೋ ಡಿಫ್) ಸೆಕೆಂಡ್ ಹ್ಯಾಂಡ್ ಸಿಗ್ತಾ ಇದೆ, ಅದೂ ಡಾನಾ 44ರದ್ದೇ, ಆದ್ರೆ ಅವರ ಗಾಡಿಯ ರೇಶಿಯೋ 4.10 ಅಂತೆ. ಕ್ರೌನ್ ವೀಲ್ (ಡಿಫ್‌ನ ದೊಡ್ಡ ಗೇರ್) ಸಮೇತ ಬಿಚ್ಚಿ ಇಟ್ಟಿದಾರೆ, ಅದನ್ನ ತಿರುಗಿಸೋ ಸಣ್ಣ ಗೇರ್, ಪಿನಿಯನ್ ಮಾತ್ರ ಹಾಳಾಗಿದೆಯಂತೆ.

ನನ್ನ ಲೆಕ್ಕ ಏನಂದ್ರೆ ಅವರ ಕ್ರೌನ್ ವೀಲ್ ತೆಗೆದು ಪಕ್ಕಕ್ಕಿಟ್ಟು, ನನ್ನ 3.54 ಕ್ರೌನ್ ವೀಲನ್ನ ಆ ಲಾಕರ್‌ಗೆ ಬೋಲ್ಟ್ ಮಾಡಿ, ನನ್ನ ಪಿನಿಯನ್ ಮುಟ್ಟದೇ ಹಾಗೇ ಒಳಗೆ ಕೂರಿಸೋದು. ಪರಿಚಯದ ಮೆಕ್ಯಾನಿಕ್ ಹೇಳ್ತಾರೆ ಡಾನಾ 44 ಅಂದ್ರೆ ಡಾನಾ 44, ಎಲ್ಲಾ ಒಂದೇ, ಕೂರುತ್ತೆ ಅಂತ. ಇನ್ನೊಬ್ರು ರೇಶಿಯೋ ಬೇರೆ ಇದ್ರೆ ಲಾಕರ್ರೇ ಬೇರೆ ಅಂತಾರೆ. ರೇಶಿಯೋ ಇರೋದು ಹಲ್ಲಲ್ಲಿ ತಾನೆ, ಕ್ರೌನ್ ವೀಲ್ ಹೊರೋ ಕ್ಯಾರಿಯರ್‌ಗೂ (ಲಾಕರ್ ಕೂರೋದೂ ಅದರ ಜಾಗದಲ್ಲೇ) ಅದಕ್ಕೂ ಏನು ಸಂಬಂಧ ಅಂತ ನಂಗೆ ಅರ್ಥ ಆಗ್ತಿಲ್ಲ. ಮುಂದೆ ಯಾವತ್ತಾದ್ರೂ 33 ಇಂಚಿನ ಟೈರ್ ಹಾಕೋ ಆಸೇನೂ ಇದೆ, ಈಗಿರೋದು 29. ತಿಳಿದೋರು ಹೇಳಿ, ದುಡ್ಡು ಕೊಡೋಕೆ ಮುಂಚೆ ಗೊತ್ತಾದ್ರೆ ಒಳ್ಳೇದು.

ಶಿಮ್‌ಸಾಹೇಬ

ಎರಡನೇ ಮೆಕ್ಯಾನಿಕ್ ಹೇಳಿದ್ದು ಸರಿ. ಡಾನಾ 44 ಅನ್ನೋದು ಮನೆತನದ ಹೆಸರು ಅಷ್ಟೆ, ಒಳಗೆ ಕ್ಯಾರಿಯರ್ ಎರಡು ಥರ ಇದೆ. 3.73 ಮತ್ತು ಅದಕ್ಕಿಂತ ಕಮ್ಮಿ ರೇಶಿಯೋಗೆ ಒಂದು, 3.92 ಮತ್ತು ಅದಕ್ಕಿಂತ ಜಾಸ್ತಿಗೆ ಇನ್ನೊಂದು. ಇದನ್ನೇ ಕ್ಯಾರಿಯರ್ ಬ್ರೇಕ್ ಅನ್ನೋದು. ನಿಮ್ದು 3.54, ಅಂದ್ರೆ ಕೆಳಗಿನ ಗುಂಪು. ಅವರದ್ದು 4.10, ಮೇಲಿನ ಗುಂಪು. ಮೇಲ್ನೋಟಕ್ಕೆ ಕೂರಲ್ಲ.

ಯಾಕೆ ಅಂದ್ರೆ, ರೇಶಿಯೋ ಹಲ್ಲಲ್ಲೇ ಇರೋದು ನಿಜ, ಆದ್ರೆ ಕ್ರೌನ್ ವೀಲ್ ವ್ಯಾಸ ಹೆಚ್ಚುಕಮ್ಮಿ ಅಷ್ಟೇ ಇಟ್ಕೊಂಡು ರೇಶಿಯೋ ಬದಲಾಯಿಸ್ಬೇಕು ಅಂದ್ರೆ ಸಣ್ಣ ದೊಡ್ಡ ಆಗೋದು ಪಿನಿಯನ್ನೇ. ನಿಮ್ಮ 3.54 ಅಂದ್ರೆ 46 ಹಲ್ಲಿನ ಕ್ರೌನ್‌ಗೆ 13 ಹಲ್ಲಿನ ಪಿನಿಯನ್. 4.10 ಅಂದ್ರೆ 41ಕ್ಕೆ 10. 4.56 ಅಂದ್ರೆ 41ಕ್ಕೆ 9. ಹಲ್ಲು ಕಮ್ಮಿ ಆದಂಗೆ ಪಿನಿಯನ್ ತಲೆ ಸಣ್ಣದಾಗುತ್ತೆ, ಆಗ ಕ್ರೌನ್ ವೀಲ್ ಅದರ ಹತ್ತಿರಕ್ಕೆ ಸರೀಬೇಕು, ಇಲ್ಲಾಂದ್ರೆ ಹಲ್ಲಿಗೆ ಹಲ್ಲು ಸಿಗಲ್ಲ. ಪಿನಿಯನ್ ಅಂತೂ ಪಕ್ಕಕ್ಕೆ ಬರೋಕಾಗಲ್ಲ, ಹೌಸಿಂಗ್‌ನಲ್ಲಿ ಅದರ ತೂತು ಎಲ್ಲಿದೆಯೋ ಅಲ್ಲೇ. ಹಾಗಾಗಿ ಕ್ಯಾರಿಯರ್‌ನಲ್ಲಿ ಕ್ರೌನ್ ವೀಲ್ ಕೂರೋ ಚಪ್ಪಟೆ ಅಂಚನ್ನ, ಅಂದ್ರೆ ಫ್ಲಾಂಜನ್ನೇ ಪಿನಿಯನ್ ಕಡೆಗೆ ಸರಿಸಿ ಎರಕ ಹೊಯ್ದಿರ್ತಾರೆ. ಅದೇ ಮೇಲಿನ ಗುಂಪಿನ ಕ್ಯಾರಿಯರ್.

ಈಗ ಆ ಮುಂದೆ ಸರಿದ ಫ್ಲಾಂಜ್ ಮೇಲೆ ನಿಮ್ಮ 3.54 ಕ್ರೌನ್ ಹಾಕಿದ್ರೆ ಅದು ನಿಮ್ಮ ದಪ್ಪ ಪಿನಿಯನ್ ಮೇಲೆ ಹತ್ತಿ ಕೂತ್ಬಿಡುತ್ತೆ. ಶಿಮ್ (ತೆಳು ಲೋಹದ ಬಿಲ್ಲೆ) ಹಾಕಿ ಸರಿ ಮಾಡೋ ಅಷ್ಟು ಸಣ್ಣ ವ್ಯತ್ಯಾಸ ಅಲ್ಲ ಅದು.

ಗ್ರೀಸ್‌ಕೈ

ಅಷ್ಟೊಂದು ಹೆದರಿಸ್ಬೇಡಿ ಸಾಹೇಬ್ರೆ. ಸ್ಪೇಸರ್ ರಿಂಗ್ ಅಂತ ಸಿಗುತ್ತೆ, ಫ್ಲಾಂಜ್‌ಗೂ ಕ್ರೌನ್‌ಗೂ ಮಧ್ಯ ಇಟ್ಟು ಉದ್ದ ಬೋಲ್ಟ್ ಹಾಕಿದ್ರೆ ಮುಗೀತು. ಎಷ್ಟೋ ಗಾಡಿ ಅದರ ಮೇಲೇ ಓಡ್ತಿದೆ. ತಗೊಳ್ಳಿ ಗುರು ಲಾಕರ್ರು, ಇಂಥವು ಮತ್ತೆ ಸಿಗಲ್ಲ.

ಶಿಮ್‌ಸಾಹೇಬ

ಗ್ರೀಸ್‌ಕೈ, ಸ್ಪೇಸರ್ ಕೆಲಸ ಮಾಡೋದು ಉಲ್ಟಾ ದಿಕ್ಕಲ್ಲಿ. ಕೆಳಗಿನ ಗುಂಪಿನ ಕ್ಯಾರಿಯರ್ ಮೇಲೆ 4.10, 4.56 ಹಾಕ್ಬೇಕು ಅಂದಾಗ ಫ್ಲಾಂಜ್ ದೂರ ಇರುತ್ತೆ, ಆ ಸಂದು ತುಂಬಿಸೋಕೆ ಸ್ಪೇಸರ್. ಇವರ ಕಥೆಯಲ್ಲಿ ಫ್ಲಾಂಜ್ ಆಗ್ಲೇ ಹತ್ರ ಬಂದಿದೆ, ಅದಕ್ಕೆ ಇನ್ನೊಂದು ರಿಂಗ್ ಸೇರಿಸಿದ್ರೆ ಇನ್ನೂ ಹತ್ರ ಆಗುತ್ತೆ. ಇಲ್ಲಿ ಬೇಕಿರೋದು ಕ್ರೌನನ್ನ ಹಿಂದಕ್ಕೆ ತಳ್ಳೋದು, ಅದಕ್ಕೆ ಯಾವ ರಿಂಗೂ ಇಲ್ಲ.

ಸರಿಯಾದ ದಿಕ್ಕಲ್ಲೇ ಹಾಕಿದ್ರೂ ನಂಗೆ ಸ್ಪೇಸರ್ ಇಷ್ಟ ಇಲ್ಲ ಅದು ಬೇರೆ ವಿಷ್ಯ. ಒಂದು ಮುಖ ಇದ್ದ ಕಡೆ ಎರಡು ಮುಖ ಆಗುತ್ತೆ, ಎರಡೂ ಪಕ್ಕಾ ಸಮ ಇರ್ಬೇಕು, ಒಂದಿಷ್ಟು ಕಸ ಸಿಕ್ರೂ ಕ್ರೌನ್ ಓಲಾಡುತ್ತೆ. ಬೋಲ್ಟ್ ಉದ್ದ ಆದಷ್ಟೂ ಅದರ ಮೇಲೆ ಬಾಗೋ ಒತ್ತಡ ಜಾಸ್ತಿ. ಅದಕ್ಕಿಂತ ಥಿಕ್ ಗೇರ್ ಅಂತ ಬರುತ್ತೆ, ಕ್ರೌನ್ ವೀಲನ್ನೇ ದಪ್ಪಕ್ಕೆ ಮಾಡಿರ್ತಾರೆ, ಕೆಳಗಿನ ಗುಂಪಿನ ಕ್ಯಾರಿಯರ್ ಮೇಲೆ ನೇರ ಕೂರುತ್ತೆ. ಅದು ಮರ್ಯಾದಸ್ಥರ ದಾರಿ.

ಗ್ರೀಸ್‌ಕೈ

ಹಾಂ ದಿಕ್ಕು ಒಪ್ಪಿದೆ. ಆದ್ರೆ ಸ್ಪೇಸರ್ ಅಂದ ತಕ್ಷಣ ಮೂಗು ಮುರಿಯೋದು ಒಪ್ಪಲ್ಲ, ಮುಖ ಕ್ಲೀನ್ ಮಾಡಿ ಡಯಲ್ ಗೇಜ್ (ಕೂದಲೆಳೆ ಓಲಾಟನೂ ತೋರಿಸೋ ಅಳತೆ ಸಾಧನ) ಇಟ್ಟು ನೋಡಿ ಹಾಕಿದ್ರೆ ಏನೂ ಆಗಲ್ಲ. ಹಾಳಾಗೋದು ಕಣ್ಣಳತೆಯಲ್ಲಿ ಹಾಕ್ದೋರ್ದು.

ಬ್ಲೂಮಾರ್ಕಿಂಗ್

ಶಿಮ್‌ಸಾಹೇಬ್ರು ಥಿಕ್ ಗೇರ್ ಮಾತು ತೆಗೆದ್ರಲ್ಲ, ಅದರಲ್ಲೇ ಈ ಪ್ರಶ್ನೆಗೆ ಇನ್ನೊಂದು ಬಾಗಿಲು ಇದೆ ಅನ್ಸುತ್ತೆ. "4.10 ಗಾಡಿಯಿಂದ ಬಂತು" ಅಂದ ಮಾತ್ರಕ್ಕೆ ಆ ಲಾಕರ್ ಮೇಲಿನ ಗುಂಪಿದ್ದು ಅಂತ ತೀರ್ಮಾನ ಮಾಡೋಕಾಗಲ್ಲ. ಆ 4.10 ಕ್ರೌನ್ ಥಿಕ್ ಆಗಿದ್ರೆ ಕೆಳಗಿರೋ ಕ್ಯಾರಿಯರ್ 3.73 ಗುಂಪಿಂದೇ ಆಗಿರುತ್ತೆ, ಆಗ ನಿಮ್ಮ 3.54 ಕ್ರೌನ್ ಯಾವ ತಕರಾರೂ ಇಲ್ದೆ ಅದರ ಮೇಲೆ ಕೂರುತ್ತೆ. ಕಂಪನಿ ಆಕ್ಸಲ್‌ಗೆ ಆಮೇಲೆ ಯಾರೋ ಲಾಕರ್ ಹಾಕಿ, ಇನ್ನೂ ಆಮೇಲೆ ಇನ್ಯಾರೋ ಗೇರ್ ಬದಲಾಯಿಸಿದ ಗಾಡಿಗಳಲ್ಲಿ ಹಿಂಗೆ ಇರೋದು ತೀರಾ ಮಾಮೂಲಿ.

ಹಿಂದಿನಚಕ್ರ, ಇಷ್ಟು ನೋಡ್ಕೊಂಡ್ ಬನ್ನಿ. ಲಾಕರ್ ಮೈ ಮೇಲೆ ಮಾಡೆಲ್ ನಂಬರ್ ಕೆತ್ತಿರುತ್ತೆ, ತಯಾರಕರ ಪಟ್ಟೀಲಿ ಆ ನಂಬರ್ ಎದುರು ಯಾವ ಗುಂಪು, ಎಷ್ಟು ಸ್ಪ್ಲೈನ್ (ಶಾಫ್ಟ್ ತುದಿ ಕಚ್ಚಿಕೊಳ್ಳೋ ಉದ್ದುದ್ದ ಹಲ್ಲು) ಎರಡೂ ಇರುತ್ತೆ. ಅದೇ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ. ನಂಬರ್ ಅಳಿಸಿದ್ರೆ ಫ್ಲಾಂಜ್‌ನ ಕ್ರೌನ್ ಕೂರೋ ಮುಖದಿಂದ ಅದೇ ಕಡೆಯ ಬೇರಿಂಗ್ ಬಂದು ಒರಗೋ ಭುಜದವರೆಗೆ ವರ್ನಿಯರ್ ಇಟ್ಟು ಅಳೀರಿ, ನಿಮ್ಮ ಹಳೇ ಕ್ಯಾರಿಯರ್‌ಲ್ಲೂ ಅದನ್ನೇ ಅಳೀರಿ. ಪಾಯಿಂಟ್ ಲೆಕ್ಕದ ವ್ಯತ್ಯಾಸಕ್ಕೆ ತಲೆ ಕೆಡಿಸ್ಕೋಬೇಡಿ, ಲಾಕರ್‌ಗೂ ಕಂಪನಿ ಕ್ಯಾರಿಯರ್‌ಗೂ ಶಿಮ್ ಲೆಕ್ಕ ಬೇರೆ ಇರುತ್ತೆ. ಗುಂಪು ಬೇರೆ ಆಗಿದ್ರೆ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತೆ. ಕ್ರೌನ್ ವೀಲ್ ಪಕ್ಕದಿಂದ ಒಂದು ಫೋಟೋನೂ ತಗೊಳ್ಳಿ.

ಮತ್ತೆ ಸ್ಪ್ಲೈನ್. ನಿಮ್ಮ ಆಕ್ಸಲ್ ಶಾಫ್ಟ್ ಒಳತುದಿಯ ಸ್ಪ್ಲೈನ್ ಎಣಿಸಿದ್ರಾ? ಡಾನಾ 44ರಲ್ಲಿ ಸಾಮಾನ್ಯವಾಗಿ 30, ತುಂಬಾ ಹಳೇದಾದ್ರೆ 19 ಇರ್ಬಹುದು. ಲಾಕರ್ 30ರದ್ದಾಗಿ ನಿಮ್ಮ ಶಾಫ್ಟ್ 19 ಆದ್ರೆ ಕ್ಯಾರಿಯರ್ ಬ್ರೇಕ್ ಚರ್ಚೆನೇ ವೇಸ್ಟ್, ಶಾಫ್ಟ್ ಒಳಗೇ ಹೋಗಲ್ಲ. ಹಬ್ ಹೊರಗೆ ಟೇಪರ್ ಕೀ ಹಾಕಿ ನಟ್ ಬಿಗಿಯೋ ಹಳೇ ಮಾದರಿ ಶಾಫ್ಟ್ ಇದ್ರೆ ಅದನ್ನೂ ಹೇಳಿ, ಅದರಲ್ಲಿ ಎರಡು ಶಾಫ್ಟ್ ನಡುವೆ ಥ್ರಸ್ಟ್ ಬ್ಲಾಕ್ ಇರುತ್ತೆ, ಲಾಕರ್ ಒಳಗೆ ಅದಕ್ಕೆ ಜಾಗ ಇದೆಯಾ ಅಂತ ಬೇರೆ ನೋಡ್ಬೇಕಾಗುತ್ತೆ.

ಟಾರ್ಪಾಲ್

ಮಧ್ಯ ಬಾಯಿ ಹಾಕ್ತಿದೀನಿ ಕ್ಷಮಿಸಿ. ನಂದು ಫೋರ್ಡ್ 8.8 ಆಕ್ಸಲ್, ಅದಕ್ಕೂ ಈ ಬ್ರೇಕ್ ಇದೆಯಾ? ಎಲ್ಲಾ ಆಕ್ಸಲ್‌ಗೂ 3.73ರಲ್ಲೇ ಕಟ್ ಆಗುತ್ತಾ?

ಶಿಮ್‌ಸಾಹೇಬ

ಇಲ್ಲ, ಆಕ್ಸಲ್‌ನಿಂದ ಆಕ್ಸಲ್‌ಗೆ ಬೇರೆ. ನಿಮ್ಮ 8.8ಕ್ಕೆ ಬ್ರೇಕೇ ಇಲ್ಲ, ಫೋರ್ಡ್ 9 ಇಂಚಿಗೂ ಇಲ್ಲ, ಎಲ್ಲಾ ರೇಶಿಯೋನೂ ಒಂದೇ ಕ್ಯಾರಿಯರ್ ಮೇಲೆ ಬರುತ್ತೆ. ನೀವು ನೋಡ್ಬೇಕಾಗಿರೋದು ಸ್ಪ್ಲೈನ್, 28 ಇದೆಯಾ 31 ಇದೆಯಾ ಅಂತ, ಅಷ್ಟೆ. ಡಾನಾ 30ಕ್ಕೆ ಗೆರೆ ಬೀಳೋದು 3.54ಕ್ಕೂ 3.73ಕ್ಕೂ ನಡುವೆ. ಡಾನಾ 35ಕ್ಕೆ 3.31ಕ್ಕೂ 3.54ಕ್ಕೂ ನಡುವೆ. ಡಾನಾ 60ಕ್ಕೂ ಜಿಎಮ್‌ನ 14 ಬೋಲ್ಟ್ 10.5 ಇಂಚಿಗೂ 4.10ಕ್ಕೂ 4.56ಕ್ಕೂ ನಡುವೆ. ಅದಕ್ಕೇ ಡಾನಾ 60ರ ಅನುಭವ ಇರೋ ಮೆಕ್ಯಾನಿಕ್ ಬಂದು 3.54ರಿಂದ 4.10ಕ್ಕೆ ಕ್ಯಾರಿಯರ್ ಬದಲಾಯಿಸೋದೇ ಬೇಡ ಅಂತ ಆಣೆ ಮಾಡಿ ಹೇಳ್ತಾನೆ, ಅವನ ಆಕ್ಸಲ್ ಮಟ್ಟಿಗೆ ಅದು ನಿಜಾನೇ.

ಹಿಂದಿನಚಕ್ರ

ಹೋಗಿ ನೋಡ್ಕೊಂಡ್ ಬಂದೆ. ಮೊದ್ಲು ನನ್ನ ಕಡೆ ವಿಷ್ಯ: ಶಾಫ್ಟ್ ಎಳೆದು ಎಣಿಸಿದೆ, 30 ಸ್ಪ್ಲೈನ್. ಹಬ್ ಫ್ಲಾಂಜ್ ಶಾಫ್ಟ್ ಜೊತೆಗೇ ಇದೆ, ಟೇಪರ್ ಅಲ್ಲ. ಕವರ್ ಬಿಚ್ಚಿ ಹಲ್ಲೂ ಎಣಿಸಿದೆ, 46 ಮತ್ತು 13, ಸಾಹೇಬ್ರು ಹೇಳಿದ ಹಾಗೇ.

ಲಾಕರ್ ಮೇಲಿನ ನಂಬರ್ ಅರ್ಧ ಮಸುಕಾಗಿದೆ, ಕೊನೇ ಅಂಕಿ ಓದೋಕಾಗ್ಲಿಲ್ಲ, ಬ್ರಷ್ ಹೊಡೆದ್ರೂ ಇಲ್ಲ. ಲಾಕರ್ ಒಳಗಿನ ಸ್ಪ್ಲೈನ್ ಎಣಿಸಿದೆ, ಅದೂ 30. ಕ್ರೌನ್ ಬಿಚ್ಚೋಕೆ ಅವರು ಬಿಡ್ಲಿಲ್ಲ, ದುಡ್ಡು ಕೊಟ್ಟಮೇಲೆ ಬಿಚ್ಚಿ ಅಂದ್ರು. ಹಾಗಾಗಿ ಫ್ಲಾಂಜ್ ಮುಖದ ಅಳತೆ ಸಿಗ್ಲಿಲ್ಲ. ಪಕ್ಕದಿಂದ ಫೋಟೋ ತೆಗ್ದಿದೀನಿ, ಹಾಕಿದೀನಿ ನೋಡಿ. ಕ್ರೌನ್ ದಪ್ಪ ನನ್ನದಕ್ಕಿಂತ ಜಾಸ್ತಿ ಅಂತ ಅನ್ನಿಸ್ತು, ಆದ್ರೆ ಅದರ ಬುಡದಲ್ಲಿ ಫ್ಲಾಂಜ್ ಹತ್ರ ಸುತ್ತಲೂ ಒಂದು ಗೆರೆ ಥರ ಇದೆ, ಎರಕದ ಗುರುತೋ ಏನೋ. ಇನ್ನೊಂದು, ಕ್ರೌನ್ ಬೋಲ್ಟ್‌ಗಳು ನನ್ನ ಬೋಲ್ಟ್ ಥರ ಇಲ್ಲ, ತಲೆ ಮೇಲಿನ ಗುರುತು ಬೇರೆ, ಹೊಸದಾಗಿವೆ.

ಬ್ಲೂಮಾರ್ಕಿಂಗ್

ಫೋಟೋ ದೊಡ್ಡದು ಮಾಡಿ ನೋಡಿದೆ. ಕ್ರೌನ್ ವೀಲ್ ಎರಕ ಹೊಯ್ದು ಮಾಡೋ ಸಾಮಾನಲ್ಲ, ಬಡಿದು ಮಾಡಿ ಮೇಲೆ ಮೆಷಿನ್ ಹೊಡೆದಿರ್ತಾರೆ, ಅದರ ಬುಡದಲ್ಲಿ ಸುತ್ತಲೂ ಎರಕದ ಗೆರೆ ಬರೋ ಚಾನ್ಸೇ ಇಲ್ಲ. ಗೆರೆಯ ಕೆಳಗಿನ ಭಾಗಕ್ಕೂ ಮೇಲಿನ ಭಾಗಕ್ಕೂ ಲೋಹದ ಬಣ್ಣನೇ ಬೇರೆ, ಕೆಳಗೆ ಬೆಳ್ಳಗೆ, ಮೇಲೆ ಕಪ್ಪು ಕೋಟಿಂಗ್. ಅದು ಎರಡು ತುಂಡು.

ಅಂದ್ರೆ ನಮ್ಮ ಗ್ರೀಸ್‌ಕೈ ಹೇಳಿದ ಸ್ಪೇಸರ್ರೇ ಅಲ್ಲಿ ಕೂತಿದೆ. ಬೋಲ್ಟ್ ಬೇರೆ ಇರೋದೂ ಅದಕ್ಕೇ ಇರ್ಬೇಕು, ಸ್ಪೇಸರ್ ಜೊತೆ ಉದ್ದದ ಬೋಲ್ಟ್ ಸೆಟ್ ಬರುತ್ತೆ.

ಈಗ ಯೋಚ್ನೆ ಮಾಡಿ. ಸ್ಪೇಸರ್ ಹಾಕೋ ಅಗತ್ಯ ಯಾರಿಗೆ ಬೀಳುತ್ತೆ? ಕೆಳಗಿನ ಗುಂಪಿನ ಕ್ಯಾರಿಯರ್ ಇಟ್ಕೊಂಡು ಮೇಲಿನ ಗುಂಪಿನ ಮಾಮೂಲಿ ಗೇರ್ ಹಾಕೋರಿಗೆ ಮಾತ್ರ. ಆ ಲಾಕರ್ 3.73 ಗುಂಪಿಂದು. ಸ್ಪೇಸರ್ ಕಿತ್ತಾಕಿ ನಿಮ್ಮ ಕ್ರೌನ್ ನೇರ ಫ್ಲಾಂಜ್ ಮೇಲೆ ಕೂರಿಸ್ಬಹುದು.

ಗ್ರೀಸ್‌ಕೈ

ನೋಡಿದ್ರಾ ಸಾಹೇಬ್ರೆ, ಸ್ಪೇಸರ್ ಯಾರೋ ಹಾಕಿದ್ರಿಂದ್ಲೇ ಈ ಮನುಷ್ಯನಿಗೆ ಲಾಕರ್ ಸಿಕ್ತು 😄

ಶಿಮ್‌ಸಾಹೇಬ

ಪಿನಿಯನ್ ಯಾಕೆ ಹಾಳಾಯ್ತು ಅಂತ ಕೇಳಿ ಆಮೇಲೆ ನಗಿ. ಸ್ಪೇಸರ್ರೇ ಕಾರಣ ಅಂತ ಫೋಟೋ ನೋಡಿ ಹೇಳಕ್ಕಾಗಲ್ಲ, ಬೇರಿಂಗ್ ಹೋಗಿರ್ಬಹುದು, ಎಣ್ಣೆ ಇಲ್ದೆ ಓಡಿಸಿರ್ಬಹುದು. ಆದ್ರೆ ಪಿನಿಯನ್ ಹಲ್ಲು ಮುರಿದಿದ್ರೆ ಆ ಚೂರು ಎಲ್ಲೆಲ್ಲಿ ಹೋಯ್ತು ಅನ್ನೋದು ಲಾಕರ್ ತಗೊಳ್ಳೋನಿಗೆ ಮುಖ್ಯ. ಬ್ಲೂಮಾರ್ಕಿಂಗ್ ತರ್ಕ ಸರಿ ಇದೆ, ಒಪ್ಪಿದೆ, ಆದ್ರೂ ಕ್ರೌನ್ ಬಿಚ್ಚಿ ಫ್ಲಾಂಜ್ ಅಳೀದೆ ನಾನಂತೂ ದುಡ್ಡು ಕೊಡಲ್ಲ. ಅವರ ಎದುರಿಗೇ ಬಿಚ್ಚಿ, ಹತ್ತೇ ಬೋಲ್ಟು. ಬಿಚ್ಚಿದಾಗ ಇನ್ನೂ ಏನೇನು ನೋಡ್ಬೇಕು ಅಂದ್ರೆ: ಬೇರಿಂಗ್ ಕೂರೋ ಜಾಗ ತಿರುಗಿ ಸವೆದು ಹೊಳೀತಾ ಇದೆಯಾ, ಬೇರಿಂಗ್ ಅಲ್ಲಿ ಬಿಗಿಯಾಗಿ ಕೂರ್ಬೇಕು, ಕೈಯಲ್ಲಿ ಜಾರಿ ಬಂದ್ರೆ ಆ ಕ್ಯಾರಿಯರ್ ಬೇಡ. ಫ್ಲಾಂಜ್ ತೂತುಗಳು ಮೊಟ್ಟೆ ಆಕಾರಕ್ಕೆ ಹೋಗಿದ್ಯಾ. ಮೈ ಮೇಲೆ ಎಲ್ಲಾದ್ರೂ ಸೀಳು ಇದ್ಯಾ. ಆಮೇಲೆ ಗಾಳಿ ಕೊಟ್ಟು ನೋಡಿ, ಸುಮಾರು 100 ಪಿಎಸ್‌ಐ ಸಾಕು, ಲಾಕ್ ಆಗಿ ಹಾಗೇ ನಿಲ್ಬೇಕು, ಸುಸ್ ಅಂತ ಸೋರಿದ್ರೆ ಓ ರಿಂಗ್ ಹೋಗಿದೆ ಅಂತ. ಓ ರಿಂಗ್ ಬದಲಾಯಿಸ್ಬಹುದು, ಅದಕ್ಕೆ ಹೆದರ್ಬೇಕಿಲ್ಲ, ಆದ್ರೆ ಗಾಳಿ ಒಳಗೆ ಬಿಡೋ ಸೀಲ್ ಹೌಸಿಂಗ್ ಗೀರು ಬಿದ್ದಿದ್ರೆ ಓ ರಿಂಗ್ ಹೊಸದು ಹಾಕಿ ಏನೂ ಪ್ರಯೋಜನ ಇಲ್ಲ. ಸೀಲ್ ಹೌಸಿಂಗ್, ತಾಮ್ರದ ಪೈಪು ಎರಡೂ ಜೊತೇಲಿ ಕೊಡ್ತಿದಾರಾ ಅಂತ ಮೊದ್ಲೇ ಖಾತ್ರಿ ಮಾಡ್ಕೊಳ್ಳಿ.

ಲೋಗೇರ್

ಇಷ್ಟೆಲ್ಲಾ ಒದ್ದಾಡೋ ಬದ್ಲು ಈಗ್ಲೇ 4.10 ಮಾಡ್ಕೊಂಡ್‌ಬಿಡಿ ಅಂತ ನನ್ನ ಅಭಿಪ್ರಾಯ. 33 ಇಂಚು ಟೈರ್ ಹಾಕ್ತೀನಿ ಅಂದ್ರಲ್ಲ. 3.54 ಅನ್ನ 33ರಿಂದ ಗುಣಿಸಿ 29ರಿಂದ ಭಾಗಿಸಿ, 4.03 ಬರುತ್ತೆ. ಅಂದ್ರೆ ದೊಡ್ಡ ಟೈರಲ್ಲಿ ಈಗಿನಷ್ಟೇ ಎಳೆತ ಬೇಕಂದ್ರೆ 4.10 ಕರೆಕ್ಟು. ಟಾಪ್ ಗೇರ್ ಒನ್ ಟು ಒನ್ ಅಂತ ಇಟ್ಕೊಂಡ್ರೆ 100 ಕಿಮೀ ಸ್ಪೀಡಲ್ಲಿ ಈಗ 29 ಇಂಚಿಗೆ ಇಂಜಿನ್ ಸುಮಾರು 2550 ಆರ್‌ಪಿಎಮ್. 33 ಹಾಕಿ 3.54 ಹಾಗೇ ಬಿಟ್ರೆ 2240ಕ್ಕೆ ಇಳಿಯುತ್ತೆ, ಏರಲ್ಲಿ ಗೇರ್ ಇಳಿಸ್ತಾ ಇಳಿಸ್ತಾ ಸಾಕಾಗುತ್ತೆ. 4.10 ಹಾಕಿದ್ರೆ 2600ರ ಹತ್ರ, ಹೆಚ್ಚುಕಮ್ಮಿ ಮೊದಲಿನಂಗೇ. 4.56 ಆದ್ರೆ 2890, ಅದು ಕಲ್ಲುಬಂಡೆ ಹತ್ತೋರಿಗೆ ಸರಿ, ದಾರೀಲಿ ಓಡಿಸೋರಿಗೆ ಕಿವಿ ನೋವು.

ಸ್ಪೀಡೋಮೀಟರ್ ಕೇಬಲ್ ಟ್ರಾನ್ಸ್‌ಫರ್ ಕೇಸ್‌ನಿಂದ (ಮುಂದೆ ಹಿಂದೆ ಆಕ್ಸಲ್‌ಗೆ ಶಕ್ತಿ ಹಂಚೋ ಗೇರ್ ಪೆಟ್ಟಿಗೆ) ಬರೋದಾದ್ರೆ ಅದೂ ಹೆಚ್ಚುಕಮ್ಮಿ ತಾನಾಗೇ ಸರಿಹೋಗುತ್ತೆ, ಟೈರ್ ಒಂದು ಕಡೆ ಎಳೆಯುತ್ತೆ ಗೇರ್ ಇನ್ನೊಂದು ಕಡೆ ಎಳೆಯುತ್ತೆ, ಉಳಿಯೋದು ಎರಡು ಪರ್ಸೆಂಟ್ ಒಳಗಿನ ವ್ಯತ್ಯಾಸ.

ಶಿಮ್‌ಸಾಹೇಬ

ಲೆಕ್ಕ ಸರಿ ಲೋಗೇರ್, ಆದ್ರೆ ಮುಂದಿನ ಆಕ್ಸಲ್ ಮರೆತ್ರಿ. ಫೋರ್ ವೀಲ್ ಡ್ರೈವ್ ಅದು. ಹಿಂದೆ 4.10 ಮುಂದೆ 3.54 ಇಟ್ಕೊಂಡು ಫೋರ್ ವೀಲ್ ಹಾಕಿದ್ರೆ ಎರಡೂ ಆಕ್ಸಲ್ ಹಗ್ಗ ಜಗ್ಗಾಟ ಆಡ್ತವೆ, ಗಟ್ಟಿ ನೆಲದಲ್ಲಿ ಟ್ರಾನ್ಸ್‌ಫರ್ ಕೇಸೋ ಪ್ರೊಪೆಲ್ಲರ್ ಶಾಫ್ಟೋ ಯಾವುದಾದ್ರೂ ಒಂದು ಪ್ರಾಣ ಬಿಡುತ್ತೆ. ಹಾಗಾಗಿ ಮುಂದೆನೂ 4.10 ಆಗ್ಬೇಕು. ಮುಂದಿರೋದೂ ಡಾನಾ 44, 3.54, ಅಂದ್ರೆ ಅಲ್ಲಿನ ಓಪನ್ ಕ್ಯಾರಿಯರ್ ಕೂಡ ಕೆಳಗಿನ ಗುಂಪೇ. ಅದಕ್ಕೂ ಒಂದೋ ಥಿಕ್ ಗೇರ್, ಒಂದೋ ಬೇರೆ ಕ್ಯಾರಿಯರ್. ಮತ್ತೆ ಮುಂದಿನ ಆಕ್ಸಲ್‌ಲ್ಲಿ ಪಿನಿಯನ್ ಮೇಲಿದೆಯಾ ಕೆಳಗಿದೆಯಾ ನೋಡ್ಬೇಕು, ಹೈ ಪಿನಿಯನ್ ಆದ್ರೆ ರಿವರ್ಸ್ ಕಟ್ (ಹಲ್ಲು ಉಲ್ಟಾ ಕಡೆಗೆ ಕತ್ತರಿಸಿದ) ಗೇರ್ ಬೇಕು, ಹಿಂದಿನದ್ದು ಮುಂದೆ ಬರಲ್ಲ. ಎರಡು ಆಕ್ಸಲ್, ಎರಡು ಸೆಟ್ ಗೇರ್, ಎಂಟು ಬೇರಿಂಗು. ಅದೆಲ್ಲಾ ಟೈರ್ ಬಂದ ದಿನ ನೋಡ್ಕೊಳ್ಳಿ. ಲಾಕರ್ ಈಗ ಹಾಕಿ, 3.54 ಹಾಗೇ ಇಟ್ಕೊಳ್ಳಿ, ಮುಂದಿನ ಆಕ್ಸಲ್ ಮುಟ್ಟೋದೇ ಬೇಡ.

ಲೋಗೇರ್

ಎರಡು ಸಲ ಹಿಂದಿನ ಡಿಫ್ ಬಿಚ್ಚೋದು ಯಾರ ಕೈಲಿ ಆಗುತ್ತೆ? ಶಿಮ್ ಕೆಲ್ಸ ಎರಡು ಸಲ. ನಾನಾಗಿದ್ರೆ ಕಾದು ಒಟ್ಟಿಗೇ ಮಾಡ್ತಿದ್ದೆ.

ಬ್ಲೂಮಾರ್ಕಿಂಗ್

ಎರಡೂ ಸಲದ ಕೆಲ್ಸ ಒಂದೇ ಥರ ಅಲ್ಲ ಲೋಗೇರ್. ಈಗ ಪಿನಿಯನ್ ಬಿಚ್ಚೋ ಹಾಗೇ ಇಲ್ಲ. ಅದೇ ಕ್ರೌನು ಅದೇ ಪಿನಿಯನ್ನು, ಪಿನಿಯನ್ ಆಳ ಮೊದ್ಲು ಹೇಗಿತ್ತೋ ಹಾಗೇ. ಕಷ್ಟದ ಅರ್ಧ ಅದೇ, ಅದು ಉಳೀತು. ಉಳಿದಿದ್ದು ಕ್ಯಾರಿಯರ್ ಎಡ ಬಲ ಶಿಮ್ ಮಾತ್ರ.

ಹಿಂದಿನಚಕ್ರ, ನೀವೇ ಮಾಡೋದಾದ್ರೆ ಇದನ್ನ ಮಾತ್ರ ಮರೀಬೇಡಿ: ಹಳೇ ಕ್ಯಾರಿಯರ್ ಕೀಳೋಕೆ ಮುಂಚೆ ಡಯಲ್ ಗೇಜ್ ಇಟ್ಟು ಈಗಿನ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ) ಎಷ್ಟಿದೆ ಬರ್ಕೊಳ್ಳಿ, ಕ್ರೌನ್ ಹಲ್ಲಿಗೆ ಬ್ಲೂ (ಗುರುತು ಬೀಳೋ ನೀಲಿ ಬಣ್ಣ) ಹಚ್ಚಿ ತಿರುಗಿಸಿ ಗುರುತು ಎಲ್ಲಿ ಬೀಳುತ್ತೆ ಫೋಟೋ ತೆಗೀರಿ. ಹೊಸ ಗೇರ್ ಸೆಟ್‌ಗೆ ಆದ್ರೆ 6ರಿಂದ 10 ಥೌ (ಒಂದು ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ) ಬ್ಯಾಕ್‌ಲ್ಯಾಶ್ ಅಂತ ಇಡ್ತಾರೆ, ಮಿಲಿಮೀಟರ್‌ನಲ್ಲಿ 0.15ರಿಂದ 0.25. ಆದ್ರೆ ನಿಮ್ದು ಓಡಿ ಓಡಿ ಒಂದಕ್ಕೊಂದು ಹೊಂದ್ಕೊಂಡಿರೋ ಜೋಡಿ, ಅದನ್ನ ಪುಸ್ತಕದ ಅಂಕಿಗೆ ತರೋಕೆ ಹೋದ್ರೆ ಕೂಗೋಕೆ ಶುರು ಮಾಡುತ್ತೆ. ಬಿಚ್ಚೋ ಮುಂಚೆ 11 ಇದ್ರೆ 11ಕ್ಕೇ ತನ್ನಿ. ಹಳೇ ಗುರುತು ಹಳೇ ಜಾಗದಲ್ಲೇ ಬೀಳ್ಬೇಕು, ಅಷ್ಟೇ ಗುರಿ.

ಹಳೇ ಶಿಮ್ ಲೆಕ್ಕ ಲಾಕರ್‌ಗೆ ಬರಲ್ಲ, ಅದರ ಒಂದು ಕಡೆ ಸೀಲ್ ಹೌಸಿಂಗ್ ಬೇರೆ ಕೂರುತ್ತೆ, ಭುಜದ ಅಳತೆನೂ ಬೇರೆ. ಅದಕ್ಕೆ ಸೆಟಪ್ ಬೇರಿಂಗ್ ಅಂತ ಒಂದು ಜೋಡಿ ಮಾಡ್ಕೊಳ್ಳಿ, ಹಳೇ ಬೇರಿಂಗ್ ಒಳವ್ಯಾಸ ಸ್ವಲ್ಪ ಉಜ್ಜಿ ಕೈಯಲ್ಲೇ ಜಾರಿ ಕೂರೋ ಥರ, ಇಲ್ಲಾಂದ್ರೆ ಪ್ರತೀ ಸಲ ಪುಲ್ಲರ್ ಹಾಕಿ ಬೇರಿಂಗ್ ಹಾಳು ಮಾಡ್ಕೊಳ್ತೀರ. ಶಿಮ್ ಒಂದು ಕಡೆಯಿಂದ ತೆಗೆದು ಅಷ್ಟೇ ಇನ್ನೊಂದು ಕಡೆ ಹಾಕಿ, ಒಟ್ಟು ಹಾಗೇ ಇರ್ಲಿ. ಕ್ರೌನ್ ಪಿನಿಯನ್ ಕಡೆ ಸರಿದ್ರೆ ಬ್ಯಾಕ್‌ಲ್ಯಾಶ್ ಇಳಿಯುತ್ತೆ, ದೂರ ಸರಿದ್ರೆ ಏರುತ್ತೆ. ಅಂದಾಜು ಮೂರು ಥೌ ಸರಿಸಿದ್ರೆ ಬ್ಯಾಕ್‌ಲ್ಯಾಶ್ ಎರಡು ಥೌ ಬದಲಾಗುತ್ತೆ. ಬ್ಯಾಕ್‌ಲ್ಯಾಶ್ ಸಿಕ್ಕಿದ ಮೇಲೆ ಬೇರಿಂಗ್ ಒತ್ತಿ ಬಿಗಿಯಾಗಿ ಕೂರೋಕೆ ಎರಡೂ ಕಡೆ ಸಮವಾಗಿ ಪ್ರೀಲೋಡ್ ಶಿಮ್, ಅದಕ್ಕೆ ನಿಮ್ಮ ಗಾಡಿ ಮ್ಯಾನುಯಲ್ ಅಂಕಿ ನೋಡಿ. ಬೇರಿಂಗ್ ಕ್ಯಾಪ್ ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ, ತಲೆಕೆಳಗೂ ಆಗ್ಬಾರ್ದು, ಪಂಚ್‌ನಿಂದ ಗುರುತು ಹಾಕಿ ಬಿಚ್ಚಿ.

ಹಿಂದಿನಚಕ್ರ

ಕ್ರೌನ್ ಬಿಚ್ಚಿಸಿದೆ! ಮೊದ್ಲು ಒಪ್ಪಲಿಲ್ಲ, ಫೋಟೋದಲ್ಲಿನ ಗೆರೆ ತೋರಿಸಿದ ಮೇಲೆ ಅವರಿಗೇ ಕುತೂಹಲ ಬಂತು. ರಿಂಗ್ ಕಳಚಿ ಬಂತು, ಸ್ಪೇಸರ್ರೇ. ಫ್ಲಾಂಜ್‌ನಿಂದ ಭುಜಕ್ಕೆ ಅಳೆದೆ, ನನ್ನ ಓಪನ್ ಕ್ಯಾರಿಯರ್‌ಗೂ ಅದಕ್ಕೂ ಕೂದಲೆಳೆ ವ್ಯತ್ಯಾಸ. ಪಿನಿಯನ್ ಕೇಳಿದೆ, ಹಲ್ಲು ಮುರಿದಿಲ್ಲ, ಪಿನಿಯನ್ ಬೇರಿಂಗ್ ಹೋಗಿ ಹಲ್ಲು ತುದಿ ಮಾತ್ರ ಸವೆದಿದೆ. ಬೇರಿಂಗ್ ಕೂರೋ ಜಾಗ ಚೆನ್ನಾಗಿದೆ, ಗಾಳಿ ಕೊಟ್ಟಾಗ ಟಕ್ ಅಂತ ಲಾಕ್ ಆಗುತ್ತೆ, ಸ್ವಲ್ಪ ಸೋರುತ್ತೆ, ಓ ರಿಂಗ್ ಹೊಸದು ಹಾಕ್ತೀನಿ. ಸೀಲ್ ಹೌಸಿಂಗ್ ಪೈಪ್ ಎಲ್ಲಾ ಜೊತೆಗಿದೆ. 3.54 ಇಟ್ಕೊಂಡೇ ಹಾಕೋದು ಅಂತ ತೀರ್ಮಾನ.

ಇನ್ನೆರಡು ಸಣ್ಣ ಡೌಟು. ಲಾಕರ್ ಜೊತೆ ಬಂದ ಬೋಲ್ಟ್ ಹೊಸದಾಗಿದೆ ಅಂದಿದ್ನಲ್ಲ, ಅದನ್ನೇ ಬಳಸ್ಬಹುದಾ? ಮತ್ತೆ ಎಣ್ಣೆಗೆ ಆ ಫ್ರಿಕ್ಷನ್ ಮಾಡಿಫೈಯರ್ ಅಂತ ಸೇರಿಸ್ತಾರಲ್ಲ ಅದು ಬೇಕಾ?

ಶಿಮ್‌ಸಾಹೇಬ

ಆ ಬೋಲ್ಟ್ ಬೇಡವೇ ಬೇಡ. ಅವು ಸ್ಪೇಸರ್‌ಗೆ ಅಂತ ಉದ್ದ ಇರೋವು. ಸ್ಪೇಸರ್ ಇಲ್ದೆ ಹಾಕಿದ್ರೆ ಕ್ರೌನ್ ತೂತಿನ ತಳಕ್ಕೆ ಹೋಗಿ ತಗಲುತ್ತೆ, ಟಾರ್ಕ್ ವ್ರೆಂಚ್ ಟಿಕ್ ಅನ್ನುತ್ತೆ, ನೀವು ಬಿಗಿಯಾಯ್ತು ಅನ್ಕೊಳ್ತೀರ, ಆದ್ರೆ ಕ್ರೌನ್‌ಗೂ ಫ್ಲಾಂಜ್‌ಗೂ ಮಧ್ಯ ಹಿಡಿತನೇ ಇರಲ್ಲ. ನಿಮ್ಮ ಹಳೇ ಬೋಲ್ಟೂ ಬೇಡ. ನಿಮ್ಮ ಕ್ರೌನ್ ತೂತಿನ ಸೈಜ್ ನೋಡಿ, ಡಾನಾ 44ರಲ್ಲಿ ಹೆಚ್ಚಾಗಿ ಬರೋದು 3/8 ಇಂಚು, ಸಣ್ಣ ಮರೆಯದ್ದು, ಸರಿಯಾದ ಉದ್ದದ ಹೊಸ ಸೆಟ್ ತಗೊಳ್ಳಿ. ತೂತಲ್ಲಿರೋ ಎಣ್ಣೆ ಎಲ್ಲಾ ತೊಳೆದು ಒಣಗಿಸಿ ಕೆಂಪು ಥ್ರೆಡ್‌ಲಾಕ್ ಹಾಕಿ, ಎದುರುಬದುರು ಬೋಲ್ಟ್ ಸ್ವಲ್ಪ ಸ್ವಲ್ಪನೇ ಎಳೀತಾ ಕೊನೆಗೆ 55 ಪೌಂಡ್ ಫೂಟ್, ಅಂದ್ರೆ 75 ನ್ಯೂಟನ್ ಮೀಟರ್ ಹತ್ರ. ಇಂಪ್ಯಾಕ್ಟ್ ಗನ್ ದೂರ ಇಡಿ. ಕೂರಿಸಿದ ಮೇಲೆ ಕ್ರೌನ್ ಬೆನ್ನಿಗೆ ಡಯಲ್ ಇಟ್ಟು ಒಂದು ಸುತ್ತು ತಿರುಗಿಸಿ, ಓಲಾಟ 2 ಥೌ ದಾಟಿದ್ರೆ ಬಿಚ್ಚಿ ಫ್ಲಾಂಜ್ ಮುಖ ಎಣ್ಣೆಕಲ್ಲಲ್ಲಿ ಉಜ್ಜಿ, ಅಲ್ಲಿ ಸ್ಪೇಸರ್ ಕೂತಿದ್ದ ಗುರುತು ಉಳಿದಿರುತ್ತೆ.

ಬ್ಲೂಮಾರ್ಕಿಂಗ್

ಮಾಡಿಫೈಯರ್ ಬೇಡ. ಅದು ಕ್ಲಚ್ ಪ್ಲೇಟ್ ಇರೋ ಲಿಮಿಟೆಡ್ ಸ್ಲಿಪ್ ಡಿಫ್‌ಗೆ, ಪ್ಲೇಟ್ ಕಟಕಟ ಅನ್ನದೇ ಇರ್ಲಿ ಅಂತ. ನಿಮ್ಮ ಲಾಕರ್‌ಲ್ಲಿ ಪ್ಲೇಟೇ ಇಲ್ಲ. ಜಿಎಲ್-5 ದರ್ಜೆಯ 80ಡಬ್ಲ್ಯೂ-90 ಹಾಕಿ, 800 ಕಿಮೀ ಆದ್ಮೇಲೆ ಒಂದ್ಸಲ ಸುರಿದು ಹೊಸದು ತುಂಬಿ.

ಗಾಳಿ ಪೈಪ್‌ಗೆ ಹೌಸಿಂಗ್‌ನಲ್ಲಿ ತೂತು ಹೊಡೀಬೇಕಲ್ಲ, ಅದನ್ನ ಲಾಕರ್ ಒಳಗೆ ಕೂರಿಸೋಕೆ ಮುಂಚೆನೇ ಹೊಡೀರಿ, ಎಣ್ಣೆ ಮಟ್ಟಕ್ಕಿಂತ ಮೇಲೆ ಇರ್ಲಿ, ಡ್ರಿಲ್ ಪುಡಿ ಪಿನಿಯನ್ ಬೇರಿಂಗ್ ಕಡೆ ಹೋಗದ ಹಾಗೆ ಬಟ್ಟೆ ತುರುಕಿ. ಒಳಗೆ ತಾಮ್ರದ ಪೈಪ್ ಬಗ್ಗಿಸುವಾಗ ಕ್ರೌನ್‌ಗೂ ತಾಗ್ಬಾರ್ದು ಕವರ್‌ಗೂ ತಾಗ್ಬಾರ್ದು, ಕೈಯಲ್ಲಿ ನಿಧಾನಕ್ಕೆ ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಿ ಆಮೇಲೆ ಕವರ್ ಮುಚ್ಚಿ.

ಗ್ರೀಸ್‌ಕೈ

ಆ ಸ್ಪೇಸರ್ ಮಾತ್ರ ಸ್ಕ್ರ್ಯಾಪ್‌ಗೆ ಹಾಕ್ಬೇಡಿ, ಉದ್ದ ಬೋಲ್ಟ್ ಸಮೇತ ಎತ್ತಿಡಿ. 33 ಟೈರ್ ಬಂದಾಗ ಮಾಮೂಲಿ 4.10 ಸೆಟ್ ಸಿಕ್ಕಿದ್ರೆ ಬೇಕಾಗುತ್ತೆ.

ಶಿಮ್‌ಸಾಹೇಬ

ಆಗ ಥಿಕ್ ಗೇರ್ ತಗೊಳ್ಳಿ. ಆ ರಿಂಗನ್ನ ಗ್ರೀಸ್‌ಕೈಗೇ ಪಾರ್ಸಲ್ ಮಾಡಿ.